ಅವ್ವ ಎಳೆದ ಗೆರೆಗಳು

ಬಿಳಿಚೋಡು

ಸೊಕ್ಕೆಯಲ್ಲಿರುವ ಅಪ್ಪನಿಗೆ ಅನಿತಾಳ ನಮಸ್ಕಾರಗಳು.

ನಮ್ಮ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ನೀವು ಹದಿನೆಂಟು ವರ್ಷ, ವಾರವಾರವೂ ಅಳೆದು ಬರೆದ ಪುಸ್ತಕವನ್ನು ಕಳೆದ ವರ್ಷ ನಾನು ಪಾಠ ಮಾಡುವ ಶಾಲೆಯ ಕಂಪ್ಯೂಟರಿನಿಂದ ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಹಾಕಿದೆ. "ನಮ್ಮ ಬಾವಿ ಸುದ್ದಿ ಊರೋರಿಗೆಲ್ಲ ಯಾಕೆ ಹೇಳಾಕೆ ಹೋದಿ?" ಎಂದು ನೀವು ಮುನಿಸಿಕೊಂಡಿರಿ.

ಮೊನ್ನೆ ಚಿಲಿ ದೇಶದ ವಿಜ್ಞಾನಿಯೊಬ್ಬರು ನನಗೆ ಮೇಲ್ ಕಳಿಸಿದ್ದಾರೆ. ಉಪಗ್ರಹದ ಸಹಾಯದಿಂದ ಅಂತರ್ಜಲವನ್ನು ಅಂದಾಜು ಮಾಡುವುದು ಅವರ ಕೆಲಸ. ನಮ್ಮದೂ ಸೇರಿ ಹಲವು ದೇಶಗಳ ಬಾವಿಗಳ ಅಳತೆ ನೋಡಿ ಆ ಅಂದಾಜಿನ ತಪ್ಪುಗಳನ್ನು ತಿದ್ದಿಕೊಂಡರಂತೆ.

ಅವರು ಒಂದು ಪ್ರಶ್ನೆಯನ್ನೂ ಕೇಳಿದ್ದಾರೆ. ನೀವು ಕಾಲು ಮುರಿದುಕೊಂಡು ಮಲಗಿದ್ದ ಮೂರು ತಿಂಗಳು ಪುಸ್ತಕದಲ್ಲಿ ಅಂಕಿಗಳಿಲ್ಲ, ಬರೀ ಗೆರೆಗಳಿವೆ. ಅವನ್ನು ಎಳೆದವರು ಯಾರು?

ಅವ್ವನಿಗೆ ಫೋನ್ ಮಾಡಿ ಕೇಳಿದೆ. "ನನಗೆ ಬರಿಯಾಕೆ ಎಲ್ಲಿ ಬರ್ತೈತೆ? ಹಗ್ಗ ಇಳಿಸಿ ಮೊಳಕ್ಕೊಂದು ಗೆರೆ ಎಳೆದೆ. ನಿಮ್ಮಪ್ಪ ಎದ್ದ ಮೇಲೆ ಬಯ್ಯಬಾರದಲ್ಲ!" ಎಂದು ನಕ್ಕಳು. ಒಂದು ವಾರವನ್ನೂ ಅವಳು ತಪ್ಪಿಸಿಲ್ಲ, ಅಪ್ಪ.

ಇನ್ನು ಮುಂದೆ ಯಾವ ದೇಶದವರು ಈ ಅಳತೆಗಳನ್ನು ತೆರೆದರೂ, ಅಳೆದವರ ಜಾಗದಲ್ಲಿ ದುರುಗಪ್ಪ ಮತ್ತು ಗಿಡ್ಡಮ್ಮ ಎಂಬ ಎರಡು ಹೆಸರುಗಳು ಕಾಣುತ್ತವೆ. ನಿಮ್ಮನ್ನು ಕೇಳದೆಯೇ ಸೇರಿಸಿದೆ.

ಆ ಹೆಸರುಗಳಿರುವ ಹಾಳೆಯನ್ನು ಮುದ್ರಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಅವ್ವನ ಹೆಸರು ಎಲ್ಲಿದೆ ಎಂದು ಅವಳಿಗೆ ಬೆರಳಿಟ್ಟು ತೋರಿಸಿ. ಅಕ್ಷರ ಸಣ್ಣವು, ಕನ್ನಡಕ ಹಾಕಿಕೊಳ್ಳಿ.

ನಿಮ್ಮಿಬ್ಬರ ಮಗಳು,
ಅನಿತಾ