ಅವ್ವನ ಹಾಡಿನ ನಡುವಿನ ನಿನ್ನ ದನಿ

ನಾಗವೇಣಿ,

ನೀನು ಏಳುವ ಹೊತ್ತಿಗೆ ಅವ್ವನ ಹಾಡಿನ ಎರಡನೇ ಹಳೇ ಟೇಪು ಕಂಪ್ಯೂಟರಿಗೆ ಇಳಿಯುತ್ತಾ ಇನ್ನೂ ಓಡುತ್ತಿರುತ್ತದೆ. ಮುಗಿದ ಮೇಲೆ ಕಂಪ್ಯೂಟರಿನಲ್ಲಿ ‘ಸೇವ್’ ಒತ್ತು. ಕೇಬಲ್ ಮಾತ್ರ ಅಲುಗಿಸಬೇಡ. ಮಿಕ್ಸಿ ಹಾಕು, ಬೇಕಾದಷ್ಟು ಮಾತಾಡು. ಟೇಪಿನ ಸದ್ದು ಕೇಬಲ್‌ನಲ್ಲೇ ಹೋಗುತ್ತದೆ, ಮನೆಯ ಸದ್ದು ಅದರೊಳಗೆ ಸೇರುವುದಿಲ್ಲ.

ಇದು ಗೊತ್ತಿದ್ದೂ, ತೀರಿಹೋದ ಅವ್ವನ ಬೀಸುವ ಹಾಡಿನ ನಡುವೆ ನಿನ್ನೆ ಮೊದಲ ಟೇಪಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಿನ್ನ ತಮ್ಮ ವಿನೋದನ ಎದುರೇ ಕೂಗಾಡಿದೆ: “ಬಾಯಿ ಮುಚ್ಕೊಂಡು ಕುಂದ್ರಾಕ ಆಗಂಗಿಲ್ಲೇನು? ಅವ್ವನ ಹಾಡು ಕೆಡಿಸಿಬಿಟ್ಟಿ!” “ನಾ ಬಾಯೇ ತೆರೆದಿಲ್ಲರೀ” ಅಂದೆ ನೀನು. ನಾನು ನಂಬಲಿಲ್ಲ. ವಿನೋದ ಉಣ್ಣದೆ ದೇವದುರ್ಗಕ್ಕೆ ಹೊರಟುಹೋದ.

ರಾತ್ರಿ ನೀನು ಮಲಗಿದ ಮೇಲೆ, ಕಂಪ್ಯೂಟರ್ ಹಚ್ಚದೆ ಆ ಮೂಲ ಟೇಪನ್ನೇ ಕೇಳಿದೆ. ಅದು ಮಲ್ಲಟದ ಮನೆಯಲ್ಲಿ ನಾನು ಹೆಡ್‌ಫೋನ್ ಹಾಕಿ ಹಾಡು ಟೇಪು ಮಾಡುತ್ತಿದ್ದಾಗ, ಹೊಸ ಸೊಸೆಯಾಗಿದ್ದ ನೀನು ಆಡಿದ ಮಾತು: “ಅತ್ತೀ, ರೊಟ್ಟಿ ಆರಾಕತ್ತಾವ, ಹಾಡು ಸಾಕು ಮಾಡ್ರಿ.” ಅವ್ವ ನಗುತ್ತಾಳೆ: “ನಿನ ಗಂಡ ಕಿವ್ಯಾಗ ಅದೇನೋ ಇಟ್ಕೊಂಡು ಕುಂತಾನ ನೋಡವ್ವಾ. ನಮ್ಮ ಮಾತು ಅವಂಗೆಲ್ಲಿ ಕೇಳತದ?”

ಅದನ್ನು ಕತ್ತರಿಸುವುದಿಲ್ಲ. ಫೈಲಿಗೆ ನಿಮ್ಮಿಬ್ಬರ ಹೆಸರನ್ನೂ ಹಾಕಿದ್ದೇನೆ.

ಪತ್ರಿಕೆಗೆ ಬರೆಯುವಾಗ ಒಂದು ಸುದ್ದಿಯನ್ನು ಎರಡು ಕಡೆ ವಿಚಾರಿಸುವವನು, ಮನೆಯಲ್ಲಿ ಒಮ್ಮೆಯೂ ವಿಚಾರಿಸಲಿಲ್ಲ. ನಾಚಿಕೆಯಾಗಿದೆ. ನಿನ್ನನ್ನು ಎಬ್ಬಿಸಿ ಹೇಳಲು ಧೈರ್ಯ ಬರಲಿಲ್ಲ.

ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೊರಟಿದ್ದೇನೆ. ಬೈದದ್ದು ವಿನೋದನ ಎದುರು. ಅವನನ್ನು ಕರೆತಂದು ಅವನ ಎದುರೇ ನಿನ್ನ ಕ್ಷಮೆ ಕೇಳುತ್ತೇನೆ. ಇಬ್ಬರಿಗೂ ಅಡುಗೆ ಮಾಡು ಎನ್ನುವ ಮುಖ ನನಗಿಲ್ಲ. ಅವನಿಗಾದರೂ ಮಾಡಿಡು.

ಕಿರಣ