ಕಡಲು ಒಲ್ಲದ ಕಾಯಿ

೩-೨-೮೧, ಮಂಗಳವಾರ. ತಿಪಟೂರು

ಮಂಡಿಯಿಂದ ಬಂದು ಕೈ ತೊಳೆದೆ. ಕೊಬ್ಬರಿ ಜಿಡ್ಡು ಹೋಗಲಿಲ್ಲ. ಗೌರ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಮತ್ತೆ ಕೊಡ ಎತ್ತಿದ್ದಾಳೆ, ಎಷ್ಟು ಬೈದರೂ! ಹಾರ್ಟಿನ ಆಪರೇಷನ್ ತಡವಾದರೆ ಕೈಮೀರುತ್ತದೆ ಎಂದಿದ್ದಾರೆ ಬೆಂಗಳೂರಿನ ಡಾಕ್ಟರು. ಇವಳದ್ದು ಒಂದೇ ಹಟ.

"ಮೊದ್ಲು ಸಮುದ್ರ ತೋರ್ಸಿ. ಆಮ್ಯಾಕೆ ಎಲ್ಲಿ ಬೇಕಾದ್ರೂ ಕುಯ್ಸಿ."

ಹೆಂಡತಿಯ ಮುಂದೆ ನನ್ನ ಮಾತು ಯಾವತ್ತು ನಡೆದಿದೆ? ಹೊರಡುವುದೇ.

೮-೨-೮೧. ಹೊನ್ನಾವರ

ಬಸ್ಸಿನಲ್ಲಿ ಮೈ ಹಣ್ಣಾಯಿತು. ಸಂಜೆ ಬೀಚು. ಗೌರ ಬಹಳ ಹೊತ್ತು ನೋಡಿ, "ಇದ್ರ ಏರಿ ಯಾವ ಕಡೆ ಐತ್ರೀ?" ಎಂದಳು. ನಮ್ಮ ಕಡೆಯ ಬೋರನಕಣಿವೆ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ನಕ್ಕೆ. ಅವಳೂ ನಕ್ಕಳು. ಎಷ್ಟು ತಿಂಗಳಾಗಿತ್ತು ಆ ನಗು ಕಂಡು...

ಆಮೇಲೆ ಚೀಲದಿಂದ ನಮ್ಮ ತೋಟದ ಕಾಯಿ ತೆಗೆದಳು. ಅರಿಶಿನ ಕುಂಕುಮ ಹಚ್ಚಿ ನೀರಿಗೆ ಬಿಟ್ಟಳು. ಕೆರೆ ತುಂಬಿದಾಗ ಗಂಗಮ್ಮನಿಗೆ ಬಿಡುತ್ತೇವಲ್ಲ, ಹಾಗೆ. ಅಲೆ ಅದನ್ನು ತಂದು ಅವಳ ಕಾಲಬುಡಕ್ಕೇ ಹಾಕಿತು. ಮತ್ತೆ ಬಿಟ್ಟಳು. ಮತ್ತೆ ಬಂತು. ನಾನು ಸೊಂಟಮಟ್ಟದ ನೀರಿಗಿಳಿದು ಎಸೆದೆ. ಹಾಳಾದ್ದು, ನನಗಿಂತ ಮೊದಲು ದಡ ಸೇರಿತು.

"ಬುಡಿ. ಗಂಗಮ್ಮ ಒಲ್ಲೆ ಅಂದ್ಲು. ಆಪರೇಷನ್ ಬ್ಯಾಡ, ಊರಿಗೆ ಹೋಗನ."

ಮೀನು ಮಾರುವ ಹೆಂಗಸೊಬ್ಬಳು, "ಕಡಲು ಎಲ್ಲಾ ವಾಪಸ್ ತಂದು ಹಾಕ್ತದೆ ಅಮ್ಮಾ" ಎಂದಳು. ಗೌರ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಅಳುವಷ್ಟು ಸಿಟ್ಟು. ಯಾರ ಮೇಲೆ ತೋರಿಸಲಿ, ಸಮುದ್ರದ ಮೇಲೆಯೇ?

೯-೨-೮೧. ಮಧ್ಯಾಹ್ನ

ಅಪ್ಸರಕೊಂಡ. ಕಾಡಿನೊಳಗೆ ಜಲಪಾತ. ಹರಿಯುವ ನೀರು ಒಯ್ದೇ ಒಯ್ಯುತ್ತದೆ ಎಂದು ಪುಸಲಾಯಿಸಿ ಕರೆತಂದೆ, ಅದೇ ಕಾಯಿ ಹಿಡಿದುಕೊಂಡು. ಅರ್ಧ ದಾರಿಗೇ ಅವಳ ತುಟಿ ನೀಲಿ. ಮರದಡಿ ಕೂರಿಸಿ ಒಬ್ಬನೇ ಇಳಿದೆ. ಬಿಟ್ಟ ಕಾಯಿ ಗುಂಡಿಯಲ್ಲಿ ಗಿರಗಿರ ಸುತ್ತಿ ಕಲ್ಲಿಗೆ ಒತ್ತಿಕೊಂಡು ನಿಂತಿತು. ಕೋಲಿನಿಂದ ತಳ್ಳಿದೆ. ಕೈಮುಗಿದೆ. ಬೈದೆ. ಕದಲಲಿಲ್ಲ.

ಮೇಲೆ ಬಂದು "ಹೋಯ್ತು ಕಣೇ" ಎಂದೆ.

"ಕಣ್ಣಾರೆ ಕಂಡ್ರಾ?"

"ಕಂಡೆ."

ನನ್ನ ಮುಖವನ್ನೇ ನೋಡಿದಳು. "ಹಂಗಾರೆ ಆಸ್ಪತ್ರೆಗೆ ಬತ್ತೀನಿ ಬುಡಿ."

೨೬-೨-೮೧. ಬೆಂಗಳೂರು, ಆಸ್ಪತ್ರೆ. ಬೆಳಿಗ್ಗೆ

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಹೆಚ್ಚುಕಮ್ಮಿಯಾದರೆ ಅವಳನ್ನು ಇಲ್ಲಿಗೆ ತಂದದ್ದು ನನ್ನ ಸುಳ್ಳು. ಸ್ಟ್ರೆಚರ್ ತಳ್ಳುವಾಗ ತಡೆಯಲಾಗಲಿಲ್ಲ.

"ಗೌರ, ಆ ಕಾಯಿ..."

"ಹೋಗ್ನಿಲ್ಲ. ನಂಗೊತ್ತು ಕಣ್ರೀ. ಅಷ್ಟು ಹೆದ್ರಿ ಸುಳ್ಳು ಹೇಳಿದ್ರಲ್ಲ, ಅದ್ಕೇ ಬಂದೆ."

ಬಾಗಿಲು ಮುಚ್ಚಿದರು. ಅವಳ ಬಳೆಗಳು ನನ್ನ ಜೇಬಿನಲ್ಲಿವೆ. ಕೂರಲಾರೆ, ನಿಲ್ಲಲಾರೆ. ಅದಕ್ಕೇ ಇದನ್ನು ಗೀಚುತ್ತಿದ್ದೇನೆ. ಬಾಗಿಲು ತೆರೆಯಿತು. ನರ್ಸ್ ನನ್ನ ಕಡೆಗೇ—