ಹರಕೆಯ ಆಡು, ಮಾಟೆಹಕ್ಕಿ

ಕರಿಗಲ್ಲು ದ್ವೀಪ,
ಕಡಲೇರಿದ ನೂರ ನಲವತ್ತನೆಯ ವರ್ಷ, ಎರಡನೇ ಮಳೆಗಾಲದ ಒಂಬತ್ತನೇ ದಿನ.

ಅಕ್ಕಣಿ ಅಜ್ಜಿಗೆ, ನಿಮ್ಮ ಏಳನೇ ತಲೆಮಾರಿನ ಚಂದಕ್ಕ ಮಾಡುವ ನಮಸ್ಕಾರ.

ಈ ತಾರೀಕು ನಿಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ, ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಕೆಲವು ಮಾತುಗಳೂ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಿಮಗೀಗ ನಲವತ್ತು, ನನಗೆ ಎಪ್ಪತ್ತೊಂದು. ಆದರೂ ಅಜ್ಜಿ ನೀವೇ.

ನನ್ನ ಕೆಲಸಕ್ಕೆ ಇಲ್ಲಿ ಕೈನೋಟ ಎನ್ನುತ್ತಾರೆ. ಬೆಳಿಗ್ಗೆ ಗಂಜಿ ಕುಡಿದು, ದ್ವೀಪದ ಇಳಿಜಾರಿನಲ್ಲಿ ಬೋರಲು ಮಲಗಿ, ಮಾಟೆಯೊಳಗೆ, ಅಂದರೆ ಹಕ್ಕಿ ತೋಡಿದ ಬಿಲದೊಳಗೆ, ಭುಜದವರೆಗೆ ಕೈ ಹಾಕಿ, ಹಕ್ಕಿಯೋ ಮೊಟ್ಟೆಯೋ ಇದೆಯೇ ಎಂದು ತಡವುವುದು. ಮಾಟೆಹಕ್ಕಿ ವರ್ಷವೆಲ್ಲ ಕಡಲಿನ ಮೇಲೇ ಇದ್ದು, ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಬರುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ನಲವತ್ತು ವರ್ಷ ಬದುಕುತ್ತದೆ, ಪ್ರತಿ ಸಲವೂ ಅದೇ ಮಾಟೆಗೆ ಬರುತ್ತದೆ.

ನಮ್ಮವರು ಮೋಸಹೋದದ್ದು ಅಲ್ಲೇ. ದೋಣಿಯವರು ಹರಕೆಯ ಆಡನ್ನು ಕೊಯ್ಯದೆ ಈ ದ್ವೀಪದಲ್ಲಿ ಬಿಟ್ಟುಹೋಗುತ್ತಿದ್ದರು. ಆಡುಗಳು ಹೆಚ್ಚಿದವು, ಅವುಗಳ ಗೊರಸಿಗೆ ಮಾಟೆಗಳ ಸೂರು ಕುಸಿದು ಮರಿಗಳು ಒಳಗೇ ಹೂತುಹೋದವು. ಮೇಲೆ ಹಳೆಯ ಹಕ್ಕಿಗಳು ಮಾತ್ರ ಹಾರುತ್ತಲೇ ಇದ್ದವು. ನಲವತ್ತು ವರ್ಷ ಅವನ್ನು ನೋಡಿ, ಹಕ್ಕಿಗೇನು ಬರ ಎಂದುಕೊಂಡರು. ಒಬ್ಬರಾದರೂ ಕೈ ಹಾಕಿ ನೋಡಬಾರದಿತ್ತೇ? ಆಮೇಲೆ ಒಂದು ವರ್ಷ ಆಕಾಶ ಖಾಲಿಯಾಯಿತು.

ಆಡು ಹತ್ತಲಾಗದ ಒಂದು ಬಂಡೆಯಂಚಿನಲ್ಲಿ ಒಂದೇ ಸಂತತಿ ಉಳಿದಿತ್ತು. ಅದರ ಕೊನೆಯ ಹೆಣ್ಣು ಹನ್ನೊಂದು ವರ್ಷ ಒಂಟಿಯಾಗಿ ಬಂದು, ಮಾಟೆಯ ಮಣ್ಣು ಕೆದರಿ ಹಸನು ಮಾಡಿ, ಜೊತೆಗಾರನನ್ನು ಕೂಗಿ ಕೂಗಿ ಹೋಗುತ್ತಿತ್ತು. ಈ ವರ್ಷ ಬಂದಿಲ್ಲ. ಒಳಗೆ ಮಣ್ಣು ತಣ್ಣಗಿದೆ. ಆದರೂ ಹಾಡುಹಗಲಲ್ಲೇ ಆ ಕೂಗು ನನಗೆ ಕೇಳಿಸುತ್ತದೆ. ಹೆದರಿಕೆಯಾಗುತ್ತದೆ ಅಜ್ಜಿ.

ಮೊದಲ ಆಡು ನಿಮ್ಮದು. ಕಡಲಿಗೆ ಹೋದ ಮಗ ತಿಮ್ಮ ಬದುಕಿ ಬರಲೆಂದು ನೀವು ಹರಕೆ ಹೊರುತ್ತೀರಿ, ಅವನು ಬರುತ್ತಾನೆ. ನಿಮ್ಮನ್ನು ನೋಡಿ ಊರೆಲ್ಲ ಆಡು ಬಿಡುತ್ತದೆ. "ಕೊಂದದ್ದಲ್ಲ ಮಾರಾಯ್ತಿ, ಬದ್ಕ್ಲಿ ಅಂದೇಳಿ ಬಿಟ್ಟದ್" ಎಂದು ನೀವು ಮುಂದೆ ಹೇಳಲಿರುವ ಮಾತು ನಮ್ಮ ಮನೆಯಲ್ಲಿ ಇಂದಿಗೂ ಉಳಿದಿದೆ.

ನಾನು ಆ ತಿಮ್ಮನ ಸಂತತಿ. ಹರಕೆ ಹೊರಬೇಡಿ ಎನ್ನಲು ನನಗೆ ಧೈರ್ಯವಿಲ್ಲ. ಹೊರಿ. ಆಡನ್ನು ದೋಣಿಯಲ್ಲಿ ತಂದು ದ್ವೀಪಕ್ಕೆ ಒಂದು ಸುತ್ತು ಹಾಕಿಸಿ, ಮನೆಗೆ ಕರೆದೊಯ್ದು ಹಿತ್ತಲಲ್ಲಿ ಕಟ್ಟಿ. ಅದು ಅಲ್ಲೂ ಬದುಕುತ್ತದೆ.

ನೀವು ನನ್ನ ಮಾತು ನಡೆಸಿಕೊಟ್ಟಿರೋ ಇಲ್ಲವೋ, ನಾಳೆ ಬೆಳಿಗ್ಗೆ ಮಾಟೆಗೆ ಕೈ ಹಾಕಿದಾಗ ನನಗೆ ಗೊತ್ತಾಗುತ್ತದೆ.